ಭಾನುವಾರ ನೋಡಿದ ಮನೆಯಲ್ಲಿ ಸೋಮವಾರವೂ ಬಾಳಬೇಕು

ಮಾದರಿ ಫ್ಲ್ಯಾಟ್ ನೋಡಲು ಹೋಗುವಾಗ ಚೀಲದಲ್ಲಿ ಒಂದು ಅಳತೆ ಟೇಪು ಇರಲಿ. ಒಳಗೆ ಕಾಲಿಟ್ಟ ಮೇಲೆ ಮೊದಲು ಮಂಚವನ್ನು ಅಳೆಯಿರಿ. ಚಿಕ್ಕ ಮಲಗುವ ಕೋಣೆಯಲ್ಲಿ ಮಂಚ, ಓದುವ ಮೇಜು, ಬಟ್ಟೆಯ ಬೀರು ಎಲ್ಲ ಹಿಡಿದೂ ಓಡಾಡಲು ಜಾಗ ಉಳಿದಿದೆ ಎಂದರೆ, ಆ ಮಂಚ ನಿಮ್ಮ ಮನೆಯ ಆರೂಕಾಲು ಅಡಿ ಮಂಚಕ್ಕಿಂತ ಗಿಡ್ಡವಾಗಿರಬಹುದು. ಕೋಣೆಗಳಿಗೆ ಬಾಗಿಲು ಇವೆಯೇ ನೋಡಿ. ಕೆಲವು ಕಡೆ ಇರುವುದಿಲ್ಲ. ಬಾಗಿಲು ತೆರೆದಾಗ ಅದು ತಿನ್ನುವ ಜಾಗ ಆಗ ಕಣ್ಣಿಗೆ ಬೀಳುವುದಿಲ್ಲ. ಒಂದು ಗೋಡೆಯ ತುಂಬ ಕನ್ನಡಿ. ಮಟಮಟ ಮಧ್ಯಾಹ್ನವೂ ಎಲ್ಲ ದೀಪ ಉರಿಯುತ್ತಿವೆ, ಎಸಿ ತಣ್ಣಗೆ ಬೀಸುತ್ತಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಬಟ್ಟಲಲ್ಲಿ ಹಸಿರು ಸೇಬು ಜೋಡಿಸಿದ್ದಾರೆ. ಮಿಕ್ಸಿ ಇಲ್ಲ, ಗ್ರೈಂಡರ್ ಇಲ್ಲ, ಸಿಲಿಂಡರ್ ಇಲ್ಲ, ಬಾಲ್ಕನಿಯಲ್ಲಿ ಒಣಹಾಕಿದ ಒಂದು ಟವೆಲ್ ಕೂಡ ಇಲ್ಲ.

ಮಾರುವವರು ತಮ್ಮ ಸರಕನ್ನು ಚೆಂದ ಮಾಡಿ ತೋರಿಸುವುದು ಸಹಜ. ಎಚ್ಚರ ಬೇಕಾದದ್ದು ನೋಡುವವರ ಮನಸ್ಸಿಗೆ. ಅರ್ಧ ಗಂಟೆ ಕಂಡದ್ದನ್ನು ಅದು ಇಪ್ಪತ್ತು ವರ್ಷಕ್ಕೆ ಹಿಗ್ಗಿಸಿಕೊಳ್ಳುತ್ತದೆ. ಕಣ್ಣಿಗೆ ಹೊಡೆದದ್ದು ದೊಡ್ಡದಾಗಿ ನಿಲ್ಲುತ್ತದೆ. ಆ ಹೊತ್ತಿಗೆ ಕಾಣದೇ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಖಾತಾ, ಋಣಭಾರ ಪತ್ರ, ಮೂಲ ಕ್ರಯಪತ್ರಗಳನ್ನು ಪರಿಶೀಲಿಸಲು ವಕೀಲರಿದ್ದಾರೆ. ಸಾಲದ ಲೆಕ್ಕಕ್ಕೆ ಬ್ಯಾಂಕಿನವರಿದ್ದಾರೆ. ನಮ್ಮ ಆಸೆಯನ್ನೂ ಅಂದಾಜನ್ನೂ ಪರಿಶೀಲಿಸುವವರು ಮಾತ್ರ ಯಾರೂ ಸಿಗುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಮನುಷ್ಯರು ಎಲ್ಲಿ ಹೇಗೆ ತಪ್ಪು ಅಂದಾಜು ಮಾಡುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞರು ಅರ್ಧ ಶತಮಾನದಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಅದರಲ್ಲಿ ಮನೆ ಕೊಳ್ಳುವವರಿಗೆ ನೇರವಾಗಿ ಒದಗುವ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇನೆ. ಬರೆಯುವಾಗ ಕಣ್ಣೆದುರು ಇದ್ದದ್ದು ಬೆಂಗಳೂರು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಮನೆ ಹುಡುಕುತ್ತಿರುವವರಿಗೂ ಬಹುಪಾಲು ಹೊಂದುತ್ತದೆ.

ಕಟ್ಟಡಕ್ಕೆ ಕೊಟ್ಟ ಗಮನ ಅಕ್ಕಪಕ್ಕದವರಿಗೆ ಇಲ್ಲ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮುಂದಿನ ಮೂರು ವರ್ಷ ಯಾವ ವಸತಿ ನಿಲಯದಲ್ಲಿ ಇರಬೇಕೆಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಕೆಲವು ನಿಲಯಗಳು ಚೆಂದ, ನದಿಯ ದಡದಲ್ಲಿವೆ. ಕೆಲವು ದೂರ, ನೋಡಲು ಸಪ್ಪೆ. ಎಲಿಜಬೆತ್ ಡನ್, ತಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಆ ಮಕ್ಕಳನ್ನು ಮೊದಲೇ ಕೇಳಿದರು: ಇಂಥ ನಿಲಯ ಸಿಕ್ಕರೆ ಎಷ್ಟು ಸಂತೋಷವಾಗಿರುತ್ತೀರಿ? ಒಳ್ಳೆಯದು ಸಿಕ್ಕರೆ ಸ್ವರ್ಗ, ಕೆಟ್ಟದ್ದು ಸಿಕ್ಕರೆ ಮೂರು ವರ್ಷ ಹಾಳು ಎಂಬ ಧಾಟಿಯಲ್ಲಿ ಉತ್ತರ ಬಂತು. ಆಮೇಲೆ ಹೋಗಿ ವಿಚಾರಿಸಿದರೆ ಎರಡೂ ಕಡೆಯವರ ಸಂತೋಷ ಹೆಚ್ಚುಕಡಿಮೆ ಒಂದೇ. ಅಂದಾಜು ಮಾಡುವಾಗ ಮಕ್ಕಳು ಲೆಕ್ಕಕ್ಕೆ ಹಿಡಿದದ್ದು ಕಟ್ಟಡವನ್ನು, ಸ್ಥಳವನ್ನು. ದಿನಗಳು ಹೇಗೆ ಕಳೆದವು ಎಂಬುದಕ್ಕೆ ಹೆಚ್ಚು ಹೊಂದಿಕೆಯಾದದ್ದು ಜೊತೆಗಾರರು, ಅಲ್ಲಿನ ಒಡನಾಟ. 2003ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮನೆ ನೋಡಲು ಹೊರಟವರೆಲ್ಲ ಒಮ್ಮೆ ನೆನೆಯಬೇಕು ಎನಿಸುತ್ತದೆ.

ವಸತಿ ನಿಲಯದ ಅನುಭವ ಸಂಸಾರಸ್ಥರಿಗೆ ಪೂರ್ತಿ ಒಪ್ಪದು, ನಿಜ. ಆದರೆ ಮನೆ ಹುಡುಕುವಾಗ ನಾವು ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಟೈಲ್ಸ್ ಯಾವುದು, ನಲ್ಲಿ ಯಾವ ಕಂಪನಿಯದು, ಲಿಫ್ಟ್ ಎಷ್ಟು, ಕ್ಲಬ್ ಹೌಸ್‌ನಲ್ಲಿ ಏನೇನಿದೆ. ಎದುರು ಮನೆಯಲ್ಲಿ ಯಾರಿದ್ದಾರೆ, ನಮ್ಮ ಮಗಳ ವಯಸ್ಸಿನ ಮಕ್ಕಳು ಸಂಜೆ ಕೆಳಗೆ ಆಡಲು ಬರುತ್ತಾರೆಯೇ, ಅಮ್ಮನಿಗೆ ಹಗಲು ಹೊತ್ತಿನಲ್ಲಿ ಮಾತಿಗೆ ಯಾರಾದರೂ ಸಿಗುತ್ತಾರೆಯೇ ಎಂದು ಕೇಳುವವರು ಕಡಿಮೆ. 1950ರಷ್ಟು ಹಿಂದೆಯೇ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಎಂಐಟಿಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಎಂದು ಬರೆದಿಟ್ಟಿದ್ದರು. ಅಲ್ಲಿ ಸ್ನೇಹವನ್ನು ಹೆಚ್ಚಾಗಿ ನಿರ್ಧರಿಸಿದ್ದು ಬಾಗಿಲುಗಳ ನಡುವಿನ ಅಂತರ. ಪಕ್ಕದ ಬಾಗಿಲಿನವರು ಹತ್ತಿರವಾದರು, ಅದೇ ಮಹಡಿಯ ಆ ತುದಿಯವರು ದೂರವೇ ಉಳಿದರು. ಮೆಟ್ಟಿಲ ಬಳಿ ಮನೆಯಿದ್ದವರಿಗೆ ಮೇಲಿನ ಮಹಡಿಯವರ ಪರಿಚಯವೂ ಹೆಚ್ಚಿತ್ತು. ಆದ್ದರಿಂದ ಮಹಡಿ ಆರಿಸುವಾಗ, ನೋಟ ಚೆನ್ನಾಗಿದೆ ಎಂದು ಹದಿನಾಲ್ಕನೆಯದಕ್ಕೆ ಮನಸೋಲುವ ಮೊದಲು, ಅಪ್ಪ ಅಮ್ಮ ದಿನಕ್ಕೆ ಎಷ್ಟು ಸಲ ಕೆಳಗಿಳಿದು ಬೆಂಚಿನ ಮೇಲೆ ಕೂರಬಲ್ಲರು ಎಂದು ಯೋಚಿಸಿ.

ರೂಢಿಯಾಗುವಂಥದ್ದು ಮತ್ತು ಎಂದೂ ರೂಢಿಯಾಗದ್ದು

ಹೊಸ ಮನೆಯ ಇಟಾಲಿಯನ್ ಮಾರ್ಬಲ್ ಎಷ್ಟು ದಿನ ಕಣ್ಣಿಗೆ ಕಂಡೀತು? ಗೃಹಪ್ರವೇಶದ ದಿನ ಎಲ್ಲರೂ ಬಗ್ಗಿ ಮುಟ್ಟಿ ನೋಡುತ್ತಾರೆ. ಆರು ತಿಂಗಳ ಮೇಲೆ ಅದು ಒರೆಸಬೇಕಾದ ನೆಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮನಸ್ಸು ಹೀಗೆ ಒಗ್ಗಿಕೊಳ್ಳುತ್ತದೆ. ದೊಡ್ಡ ಹಾಲ್, ಎತ್ತರದ ಮುಂಬಾಗಿಲು, ಲಾಬಿಯ ತೂಗುದೀಪ, ಬಡಾವಣೆಯ ಹೆಸರು, ಇವೆಲ್ಲ ಬೇಗ ಹಿನ್ನೆಲೆಗೆ ಸರಿಯುತ್ತವೆ.

ಕೆಲವಕ್ಕೆ ಮಾತ್ರ ಮನಸ್ಸು ಒಗ್ಗುವುದೇ ಇಲ್ಲ. ಅವುಗಳಲ್ಲಿ ಮೊದಲನೆಯದು ಓಡಾಟ. ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ದುಡಿಯುವ ಮಹಿಳೆಯರಿಂದ ಹಿಂದಿನ ದಿನದ ಒಂದೊಂದು ಹೊತ್ತನ್ನೂ, ಆ ಹೊತ್ತಿನ ಮನಸ್ಥಿತಿಯನ್ನೂ ಬರೆಸಿದರು. 2004ರಲ್ಲಿ ಬಂದ ಆ ಫಲಿತಾಂಶದಲ್ಲಿ ಬೆಳಗಿನ ಕೆಲಸದ ಪ್ರಯಾಣ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿತ್ತು. ಸ್ವಿಸ್ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಜರ್ಮನಿಯ ಹಲವು ವರ್ಷಗಳ ಸಮೀಕ್ಷೆಯನ್ನು ಜಾಲಾಡಿದಾಗ ಇನ್ನೊಂದು ಸಂಗತಿ ಕಂಡಿತು. ದೂರ ಓಡಾಡುವವರಿಗೆ ಅಗ್ಗದ ಅಥವಾ ದೊಡ್ಡ ಮನೆ, ಹೆಚ್ಚಿನ ಸಂಬಳ ಸಿಕ್ಕಿ ನಷ್ಟ ತುಂಬಿಹೋಗಬೇಕಿತ್ತು. ಆದರೂ ಅವರ ಬದುಕಿನ ತೃಪ್ತಿ ಕಡಿಮೆಯೇ ಇತ್ತು. ಪ್ರಯಾಣದ ಹಿಂಸೆಯನ್ನು ಜನ ಮೊದಲೇ ಸರಿಯಾಗಿ ತೂಗಿರಲಿಲ್ಲ.

ನೀವೇ ತೂಗಿ ನೋಡಿ. ಊರ ಹೊರಗೆ ಇನ್ನೊಂದು ಕೋಣೆ ಹೆಚ್ಚು ಸಿಗುತ್ತದೆ ಎಂದು ಹೋಗಿ, ಹೋಗಲು ಒಂದು ಗಂಟೆ ಬರಲು ಒಂದು ಗಂಟೆ ಹೆಚ್ಚಾಯಿತು ಅನ್ನಿ. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ 44 ಗಂಟೆ, ವರ್ಷಕ್ಕೆ 528. ಹಗಲು ರಾತ್ರಿ ಸೇರಿಸಿ ಪೂರಾ 22 ದಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲೋ ಹೆಬ್ಬಾಳದ ಟ್ರಾಫಿಕ್ಕಿನಲ್ಲೋ ಕಳೆದಂತೆ. ಆ ಹೆಚ್ಚಿನ ಕೋಣೆಯಲ್ಲಿ ನೆಂಟರು ವರ್ಷಕ್ಕೆ ಎಷ್ಟು ರಾತ್ರಿ ಮಲಗುತ್ತಾರೆ ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. "ಮೆಟ್ರೊ ಬರುತ್ತದಲ್ಲ" ಎನ್ನುತ್ತಾರೆ. ಓಡುತ್ತಿರುವ ಮೆಟ್ರೊವನ್ನು ಲೆಕ್ಕಕ್ಕೆ ಹಿಡಿಯಿರಿ, ಬರಲಿರುವುದನ್ನು ಬೋನಸ್ ಎಂದುಕೊಳ್ಳಿ. ನಿಲ್ದಾಣದಿಂದ ಮನೆಗೆ ಕಾಲ್ನಡಿಗೆಯ ದಾರಿ ಹೇಗಿದೆ, ಫುಟ್‌ಪಾತ್ ಇದೆಯೇ, ರಾತ್ರಿ ಒಂಬತ್ತಕ್ಕೆ ಒಬ್ಬಳೇ ಬರುವ ಮಗಳಿಗೆ ಅಲ್ಲಿ ಬೆಳಕಿದೆಯೇ ನೋಡಿಬನ್ನಿ.

ಎರಡನೆಯದು ಸದ್ದು. ನೀಲ್ ವೈನ್‌ಸ್ಟೈನ್ ಎಂಬ ಸಂಶೋಧಕ ಹೊಸ ಹೆದ್ದಾರಿಯ ಪಕ್ಕದ ನಿವಾಸಿಗಳನ್ನು ರಸ್ತೆ ತೆರೆದ ಕೆಲವು ತಿಂಗಳಿಗೆ ಒಮ್ಮೆ, ಒಂದು ವರ್ಷ ಕಳೆದ ಮೇಲೆ ಮತ್ತೊಮ್ಮೆ ಮಾತಾಡಿಸಿದ. ಕಿರಿಕಿರಿ ಕಡಿಮೆಯಾಗಿರಲಿಲ್ಲ. "ಸ್ವಲ್ಪ ದಿನ ಹೋದರೆ ಅಭ್ಯಾಸವಾಗುತ್ತೆ ಬಿಡಿ ಸಾರ್" ಎಂದು ಬ್ರೋಕರ್ ಹೇಳುವಾಗ ಇದು ನೆನಪಿರಲಿ. ರಾತ್ರಿ ಹೊತ್ತು ಲಾರಿ ಏರುವ ಮೇಲ್ಸೇತುವೆ, ಮದುವೆ ಸೀಸನ್ನಿನ ಕಲ್ಯಾಣ ಮಂಟಪ, ಲಿಫ್ಟ್ ಮೋಟಾರಿನ ಕೋಣೆ, ಮಲಗುವ ಕೋಣೆಯ ಕಿಟಕಿಯ ಕೆಳಗೇ ಇರುವ ಜನರೇಟರ್, ಇವು ನಿಗದಿಯಿಲ್ಲದ ಹೊತ್ತಿನಲ್ಲಿ ಬಂದು ಹೋಗುವ ಸದ್ದುಗಳು. ಇಂಥವಕ್ಕೆ ಮನಸ್ಸು ಒಗ್ಗುವುದು ಇನ್ನೂ ಕಷ್ಟ. ವಾಸನೆಯನ್ನೂ ಈ ಸಾಲಿಗೆ ಸೇರಿಸುತ್ತೇನೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಎಲ್ಲಿದೆ, ಅದರ ಗಾಳಿಕೊಳವೆ ಯಾವ ಬ್ಲಾಕಿನ ಕಡೆ ಬಾಯ್ದೆರೆದಿದೆ ಎಂದು ಕೇಳದೆ ಮುಂಗಡ ಕೊಡಬೇಡಿ.

ಹಾಗಾದರೆ ನೋಟ, ಬೆಳಕು, ಮರ ಇವೆಲ್ಲ ವ್ಯರ್ಥವೇ? ಖಂಡಿತ ಇಲ್ಲ. 1984ರಲ್ಲಿ ರೋಜರ್ ಉಲ್ರಿಚ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ ಇಂದಿಗೂ ಪ್ರಸಿದ್ಧ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಕಡು ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಹೋಲಿಸಿದ್ದು 23 ಜೋಡಿ ರೋಗಿಗಳನ್ನಷ್ಟೆ, ಆದ್ದರಿಂದ ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೂ ದಿನವೂ ಕೂರುವ ಜಾಗದಿಂದ ಒಂದು ಹೊಂಗೆಯೋ ಮಾವೋ ಕಾಣುವುದಾದರೆ ಅದಕ್ಕೆ ನಾಲ್ಕು ದುಡ್ಡು ಹೆಚ್ಚು ಕೊಡಬಹುದು ಎಂದು ನನ್ನ ಅಭಿಪ್ರಾಯ. ಪಕ್ಕದ ಖಾಲಿ ಸೈಟಿನ ಮರ ಮಾತ್ರ ಬೇಡ. ಅದು ಯಾವತ್ತಾದರೂ ಇನ್ನೊಂದು ಕಟ್ಟಡದ ಗೋಡೆಯಾದೀತು.

ನೋಡುವ ದಿನವೂ ನಮ್ಮ ತೀರ್ಮಾನವನ್ನು ಬಣ್ಣಗಟ್ಟುತ್ತದೆ. ಅಮೆರಿಕದಲ್ಲಿ ಬಿಸಿಲ ದಿನ ಮಡಚುವ ಚಾವಣಿಯ ಕಾರುಗಳ ಮಾರಾಟ ಏರುತ್ತದೆ, ಈಜುಕೊಳವಿರುವ ಮನೆಗಳಿಗೆ ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು ಬೆಲೆ ಬರುತ್ತದೆ ಎಂದು ಮೇಗನ್ ಬುಸ್ಸೆ ಮತ್ತು ಸಂಗಡಿಗರು ತೋರಿಸಿದ್ದಾರೆ. ಇವತ್ತಿನ ಹವೆಯನ್ನೇ ಜನ ವರ್ಷವಿಡೀ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಜನವರಿಯ ಎಳೆಬಿಸಿಲಿನಲ್ಲಿ ಲೇಔಟ್ ನೋಡಿದವರಿಗೆ ಸೆಪ್ಟೆಂಬರಿನ ಮಳೆ ಹೊಳೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯವರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನೆಲಮಹಡಿಗೆ ನೀರು ನುಗ್ಗಿತು. ಅದೇ 2024ರ ಮಾರ್ಚಿನಲ್ಲಿ ಊರಿಗೆ ಊರೇ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದಿತ್ತು. ನೆರೆಯ ವರ್ಷ ಎಲ್ಲರೂ ರಾಜಕಾಲುವೆಯ ನಕ್ಷೆ ಹುಡುಕುತ್ತಾರೆ, ಬರದ ವರ್ಷ ಕಾವೇರಿ ಸಂಪರ್ಕ ಕೇಳುತ್ತಾರೆ. ಎರಡು ಒಳ್ಳೆಯ ವರ್ಷ ಕಳೆದರೆ ಎರಡನ್ನೂ ಮರೆಯುತ್ತಾರೆ. ತೀರಾ ಈಚೆಗೆ ನಡೆದದ್ದಕ್ಕೆ ಮಾತ್ರ ಹೆದರುವುದು ಮನಸ್ಸಿನ ಗುಣ. ಆದ್ದರಿಂದ ಯಾವ ಕಾಲದಲ್ಲಿ ನೋಡಿದರೂ ಎರಡು ಪ್ರಶ್ನೆ ಕಡ್ಡಾಯ: ಜೋರು ಮಳೆ ಬಂದರೆ ಬೇಸ್‌ಮೆಂಟಿನಲ್ಲಿ ಏನಾಗುತ್ತದೆ, ಏಪ್ರಿಲಿನಲ್ಲಿ ನೀರು ಎಲ್ಲಿಂದ ಬರುತ್ತದೆ.

ಒಂದೇ ಮನೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ವಾರದ ಮಧ್ಯೆ ಬೆಳಿಗ್ಗೆ ಎಂಟೂವರೆಗೆ ಅಲ್ಲಿಂದ ನಿಮ್ಮ ಆಫೀಸಿಗೇ ಹೊರಡಿ, ಮಕ್ಕಳ ಶಾಲೆಯ ದಾರಿಯನ್ನೂ ಸೇರಿಸಿ. ಒಂದು ರಾತ್ರಿ ಹತ್ತರ ಮೇಲೆ ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಳೆ ಬಂದ ಮರುದಿನ ಒಮ್ಮೆ ಹೋಗಿ ಬೇಸ್‌ಮೆಂಟಿನ ಗೋಡೆಯ ಬುಡ ನೋಡಿ.

ಮೊದಲು ಕಿವಿಗೆ ಬಿದ್ದ ಬೆಲೆ

1974ರಲ್ಲಿ ಅಮೋಸ್ ಟ್ವೆರ್ಸ್ಕಿ ಮತ್ತು ಕಾನೆಮನ್ ಒಂದು ಚಕ್ರ ತಿರುಗಿಸಿ ಜನರಿಗೆ ಪ್ರಶ್ನೆ ಕೇಳಿದ ಪ್ರಯೋಗ ಪ್ರಕಟವಾಯಿತು. ಚಕ್ರ 10ಕ್ಕೋ 65ಕ್ಕೋ ನಿಲ್ಲುವಂತೆ ಮೊದಲೇ ಏರ್ಪಾಡಾಗಿತ್ತು. ಅದು ನಿಂತ ಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. 10 ಕಂಡವರ ಉತ್ತರ 25ರ ಆಸುಪಾಸು, 65 ಕಂಡವರದು 45ರ ಆಸುಪಾಸು. ಸಂಬಂಧವೇ ಇಲ್ಲದ ಸಂಖ್ಯೆ ಕೂಡ ಅಂದಾಜನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಅನುಭವಿಗಳಿಗೆ ಹೀಗಾಗದು ಎಂದುಕೊಳ್ಳಬೇಡಿ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅರಿಜೋನಾದ ಟೂಸಾನ್ ನಗರದಲ್ಲಿ ಮನೆ ಮಾರಾಟದ ಏಜೆಂಟರಿಗೇ ಒಂದು ಮನೆ ತೋರಿಸಿ ಬೆಲೆ ಕಟ್ಟಿಸಿದರು. ಎಲ್ಲರಿಗೂ ಕೊಟ್ಟ ವಿವರ ಒಂದೇ, ಕೇಳುವ ಬೆಲೆ ಮಾತ್ರ ಬೇರೆ. ಹೆಚ್ಚಿನ ಬೆಲೆ ಕಂಡವರು ಹೆಚ್ಚು ಕಟ್ಟಿದರು, ಕಡಿಮೆ ಕಂಡವರು ಕಡಿಮೆ. ಕೇಳುವ ಬೆಲೆ ತಮ್ಮ ಅಂದಾಜನ್ನು ತಟ್ಟಿತೆಂದು ಒಪ್ಪಿದ ಏಜೆಂಟರು ಬಹಳ ಕಡಿಮೆ.

ಇದಕ್ಕೆ ಮದ್ದು, ನಿಮ್ಮ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳುವುದು. ಬ್ರೋಕರಿಗೆ ಫೋನ್ ಮಾಡುವ ಮೊದಲೇ ಆ ರಸ್ತೆಯಲ್ಲಿ ಈಚೆಗೆ ಕೈಬದಲಾದ ಎರಡು ಮೂರು ಮನೆಗಳ ಬೆಲೆ ವಿಚಾರಿಸಿ, ಸರ್ಕಾರದ ಮಾರ್ಗಸೂಚಿ ದರ ನೋಡಿ, ಅದೇ ಅಪಾರ್ಟ್‌ಮೆಂಟಿನ ಬಾಡಿಗೆ ಎಷ್ಟೆಂದು ತಿಳಿದು ಒಂದು ಹಾಳೆಯಲ್ಲಿ "ಇದಕ್ಕೆ ನಾನು ಕೊಡುವುದು ಇಷ್ಟು" ಎಂದು ಬರೆಯಿರಿ. ಆಮೇಲೆ ಅವರ ಬೆಲೆ ಕೇಳಿ.

ಮನೆ ತೋರಿಸುವ ಕ್ರಮವೂ ಒಂದು ಆಟ. ರಾಬರ್ಟ್ ಚಾಲ್ಡಿನಿ 1984ರ ತಮ್ಮ ಪುಸ್ತಕದಲ್ಲಿ ಒಂದು ಕಂಪನಿಯ ಪದ್ಧತಿ ವಿವರಿಸಿದ್ದಾರೆ: ಬೆಲೆ ಹೆಚ್ಚು, ಸ್ಥಿತಿ ಕೆಟ್ಟದ್ದು, ಇಂಥ ಒಂದೆರಡು ಮನೆಯನ್ನು ಮೊದಲು ತೋರಿಸುವುದು. ಅವನ್ನು ನೋಡಿ ಬಂದವರ ಕಣ್ಣಿಗೆ ಮೂರನೆಯದು ಅರಮನೆ. ನಿಮ್ಮ ಹೋಲಿಕೆಯ ಮನೆಗಳನ್ನು ನೀವೇ ಹುಡುಕಿಕೊಳ್ಳಿ.

ಚದರಡಿಯ ಲೆಕ್ಕದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 1,200 ಚದರಡಿ ಸೂಪರ್ ಬಿಲ್ಟ್-ಅಪ್, ಚದರಡಿಗೆ 8,000, ಒಟ್ಟು 96 ಲಕ್ಷ ಎನ್ನುತ್ತಾರೆ ಅನ್ನಿ. ಒಳಗೆ ಕಾಲಿಡಲು ಸಿಗುವ ಕಾರ್ಪೆಟ್ ಏರಿಯಾ 850 ಆಗಿದ್ದರೆ ನೀವು ನಿಜಕ್ಕೂ ಕೊಡುತ್ತಿರುವುದು ಚದರಡಿಗೆ ಸುಮಾರು 11,300 ರೂಪಾಯಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಕಾರ್ಪೆಟ್ ಏರಿಯಾಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿದೆ: ಒಳಗಿನ ಅಡ್ಡಗೋಡೆ ಸೇರುತ್ತದೆ, ಹೊರಗೋಡೆ, ಬಾಲ್ಕನಿ, ಸರ್ವಿಸ್ ಶಾಫ್ಟ್ ಸೇರುವುದಿಲ್ಲ. ಎರಡು ಮನೆ ಹೋಲಿಸುವಾಗ ಈ ಒಂದೇ ಅಳತೆಯಲ್ಲಿ ಹೋಲಿಸಿ.

ಇನ್ನೊಂದು ಸೂಕ್ಷ್ಮವಿದೆ. ಟ್ವೆರ್ಸ್ಕಿ, ಕಾನೆಮನ್ 1981ರಲ್ಲಿ ಕೇಳಿದ ಪ್ರಶ್ನೆ ಇದು: 15 ಡಾಲರಿನ ಕ್ಯಾಲ್ಕ್ಯುಲೇಟರ್ ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ 10ಕ್ಕೆ ಸಿಗುತ್ತದೆ, ಹೋಗುತ್ತೀರಾ? ಶೇ 68 ಮಂದಿ ಹೂಂ ಎಂದರು. ಬೆಲೆ 125 ಇದ್ದು ಅಲ್ಲಿ 120 ಆದರೆ? ಹೂಂ ಎಂದವರು ಶೇ 29. ಉಳಿಯುವುದು ಅದೇ ಐದು ಡಾಲರ್, ದೊಡ್ಡ ಮೊತ್ತದ ಪಕ್ಕದಲ್ಲಿ ಅದು ಕರಗಿಹೋಯಿತು. ಕೋಟಿಯ ಮಾತಾಡುವಾಗ ಕ್ಲಬ್ ಸದಸ್ಯತ್ವ ಎರಡು ಲಕ್ಷ, ಮಹಡಿ ಏರಿದ್ದಕ್ಕೆ ಮೂರು ಲಕ್ಷ, ಪಾರ್ಕ್ ಕಡೆ ಮುಖವಿದ್ದದ್ದಕ್ಕೆ ಇನ್ನೆರಡು, ಮಾಡ್ಯುಲರ್ ಕಿಚನ್ ನಾಲ್ಕು ಎಂದರೆ ನಾವು ತಲೆಯಾಡಿಸುವುದು ಇದರಿಂದಲೇ. ಇಂಥ ಪ್ರತಿಯೊಂದು ಸಾಲನ್ನೂ ಮನೆಯ ಬೆಲೆಯಿಂದ ಬಿಡಿಸಿ ನಿಮ್ಮ ತಿಂಗಳ ಸಂಬಳದ ಪಕ್ಕ ಬರೆಯಿರಿ. ಇಎಂಐಯನ್ನೂ ಹಾಗೆಯೇ ಬಿಡಿಸಿ ನೋಡಿ. 60 ಲಕ್ಷ ಸಾಲಕ್ಕೆ ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 52 ಸಾವಿರ. ಒಟ್ಟು ಕಟ್ಟುವುದು ಸುಮಾರು 1 ಕೋಟಿ 25 ಲಕ್ಷ.

"ಸಂಜೆ ಇನ್ನೊಂದು ಫ್ಯಾಮಿಲಿ ಬರ್ತಿದ್ದಾರೆ"

"ಸಾರ್, ಈ ಫ್ಲೋರಲ್ಲಿ ಈಸ್ಟ್ ಫೇಸಿಂಗ್ ಇದೊಂದೇ ಉಳ್ದಿರೋದು. ಸಂಜೆ ಇನ್ನೊಂದು ಫ್ಯಾಮಿಲಿ ಬರ್ತಿದ್ದಾರೆ. ಒಂದು ಲಕ್ಷ ಟೋಕನ್ ಹಾಕಿ, ಬ್ಲಾಕ್ ಮಾಡ್ತೀನಿ." ಈ ಮಾತು ನಿಜವೇ ಇರಬಹುದು. ನಿಜವಿದ್ದರೂ ಅದು ಮನೆಯ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. 1975ರ ಒಂದು ಪ್ರಯೋಗದಲ್ಲಿ ಒಂದೇ ಬಗೆಯ ಬಿಸ್ಕತ್ತನ್ನು ಹತ್ತು ಬಿಸ್ಕತ್ತಿದ್ದ ಡಬ್ಬದಿಂದ ತಿಂದವರಿಗಿಂತ ಎರಡೇ ಉಳಿದ ಡಬ್ಬದಿಂದ ತಿಂದವರು ಹೆಚ್ಚು ಮೆಚ್ಚಿದ್ದರು. ಕೈತಪ್ಪೀತು ಎಂಬ ಭಯ ಆಸೆಯನ್ನು ಹೆಚ್ಚಿಸಿತ್ತು, ರುಚಿಯನ್ನಲ್ಲ.

ಟೋಕನ್ ಕೊಟ್ಟಾದ ಮೇಲೆ ಇನ್ನೊಂದು ಬಲೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಕೇಳಿದ್ದು: ನೀವು 100 ಡಾಲರ್ ಕೊಟ್ಟು ಒಂದು ಪ್ರವಾಸಕ್ಕೂ, 50 ಡಾಲರ್ ಕೊಟ್ಟು ಇನ್ನೊಂದಕ್ಕೂ ಟಿಕೆಟ್ ಕೊಂಡಿದ್ದೀರಿ. ಎರಡೂ ಒಂದೇ ದಿನ ಬಿದ್ದಿವೆ, ಹಣ ವಾಪಸ್ ಇಲ್ಲ. 50ರದ್ದೇ ಹೆಚ್ಚು ಖುಷಿ ಕೊಡುತ್ತದೆ ಎಂದು ನಿಮಗೆ ಗೊತ್ತು. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕೂ ಹೆಚ್ಚು ಮಂದಿ 100ರದ್ದನ್ನೇ ಆರಿಸಿದರು. ಕೊಟ್ಟ ಹಣ ದಂಡವಾಗಬಾರದೆಂದು ಖುಷಿಯನ್ನೇ ದಂಡ ಮಾಡಿಕೊಂಡರು. ಒಂದು ಲಕ್ಷ ಟೋಕನ್ ಉಳಿಸಿಕೊಳ್ಳಲು ಒಂದು ಕೋಟಿಯ ತಪ್ಪು ಮನೆ ಕೊಳ್ಳುವುದು ಇದೇ ಬಗೆಯದು.

ಕಾನೂನು ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಾರಾಟ ಕರಾರು ನೋಂದಣಿಯಾಗದೆ ಬಿಲ್ಡರ್ ಮನೆಯ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ, ಒಪ್ಪಿಗೆಯಾದ ನಕ್ಷೆ, ಮುಗಿಸುವ ದಿನಾಂಕ ಸಿಗುತ್ತವೆ. ನೋಂದಣಿ ಸಂಖ್ಯೆಯೇ ಇಲ್ಲದ 'ಪ್ರೀ-ಲಾಂಚ್' ರಿಯಾಯಿತಿಗೆ ಮನಸ್ಸು ಹಾರಿದರೆ, ಹಾರಿದ್ದು ಏಕೆಂದು ಒಂದು ದಿನ ಬಿಟ್ಟು ಕೇಳಿಕೊಳ್ಳಿ. ಮನೆಯಲ್ಲಿ ಮೊದಲೇ ಒಂದು ಕಟ್ಟಳೆ ಹಾಕಿಕೊಳ್ಳಿ: ನೋಡಿದ ದಿನ ಹಣ ಕೊಡುವುದಿಲ್ಲ, ಚೆಕ್‌ಬುಕ್ ತೆಗೆದುಕೊಂಡು ಹೋಗುವುದಿಲ್ಲ, ಫೋನಿನಲ್ಲಿ ಕಳಿಸುವುದೂ ಇಲ್ಲ.

ಟೋಕನ್ನಿಗೆ ಮುಂಚೆ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಒಂದು ಅಭ್ಯಾಸ ಮಾಡಿ. ಮನೆಮಂದಿಯೆಲ್ಲ ಒಂದೊಂದು ಹಾಳೆ ಹಿಡಿದು ಕೂರಿ. "ಈ ಮನೆ ಕೊಂಡು ಎರಡು ವರ್ಷವಾಗಿದೆ, ಕೊಂಡದ್ದು ತಪ್ಪಾಯಿತು ಎಂದು ಎಲ್ಲರಿಗೂ ಅನಿಸಿದೆ. ಏನಾಯಿತು?" ಹತ್ತು ನಿಮಿಷ ಯಾರೂ ಮಾತಾಡದೆ ಬರೆಯಬೇಕು. "ಏನಾದರೂ ತೊಂದರೆ ಇದೆಯಾ" ಎಂದು ಕೇಳಿದರೆ ಬಾರದ ಉತ್ತರಗಳು ಆಗಿಹೋಗಿದೆ ಎಂದು ಊಹಿಸಿದಾಗ ಬರುತ್ತವೆ. ಅಜ್ಜ "ಲಿಫ್ಟ್ ಕೆಟ್ಟಿತು, ಡಾಕ್ಟರ ಬಳಿ ಹೋಗಲಾಗಲಿಲ್ಲ" ಎಂದು ಬರೆಯಬಹುದು. ಮಗ "ಕೆಲಸ ವೈಟ್‌ಫೀಲ್ಡಿಂದ ಏರ್‌ಪೋರ್ಟ್ ಕಡೆಗೆ ಬದಲಾಯಿತು" ಎನ್ನಬಹುದು. ಬರೆದದ್ದರಲ್ಲಿ ಪರಿಹಾರವಿರುವುದು ಎಷ್ಟು, ಇಲ್ಲದ್ದು ಎಷ್ಟು ಎಂದು ವಿಂಗಡಿಸಿದರೆ ಅರ್ಧ ತೀರ್ಮಾನ ಆದಂತೆಯೇ.

ಯಾರ ಮನೆ, ಯಾರ ಪಟ್ಟಿ

ನಮ್ಮಲ್ಲಿ ಮನೆ ಕೊಳ್ಳುವುದು ಒಬ್ಬರ ತೀರ್ಮಾನವಾಗಿರುವುದು ಅಪರೂಪ. ಆದರೆ ಮಾತಿಗೆ ಕೂತಾಗ ಮೊದಲು ಬಾಯಿ ಬಿಟ್ಟವರ ಅಥವಾ ದುಡ್ಡು ಹಾಕುವವರ ಅಭಿಪ್ರಾಯಕ್ಕೆ ಉಳಿದವರು ವಾಲುತ್ತಾರೆ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದಿಡಬೇಕೆಂಬುದು ಕಾನೆಮನ್ ಸಭೆಗಳಿಗೆ ಕೊಟ್ಟ ಸಲಹೆ; ಅದು ಮನೆಗೂ ಸಲ್ಲುತ್ತದೆ. ಗಂಡ, ಹೆಂಡತಿ, ಅತ್ತೆ, ಮಾವ, ಹತ್ತು ವರ್ಷ ದಾಟಿದ ಮಕ್ಕಳು ತಲಾ ಐದು 'ಇರಲೇಬೇಕು' ಬರೆಯಲಿ. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರ ಮಾತಿಗೆ ಹೆಚ್ಚು ತೂಕ ಕೊಡಿ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಇಟ್ಟ ಮೇಲೆ ಪಾತ್ರೆ ತೊಳೆಯಲು ಜಾಗ ಉಳಿಯುತ್ತದೆಯೇ, ಒಗ್ಗರಣೆಯ ಹೊಗೆ ಎತ್ತ ಹೋಗುತ್ತದೆ, ನಾಲ್ವರ ಬಟ್ಟೆ ಮಳೆಗಾಲದಲ್ಲಿ ಎಲ್ಲಿ ಒಣಗುತ್ತದೆ ಎಂಬುದು ಅವರಿಗೆ ನಕ್ಷೆ ನೋಡಿದೊಡನೆ ಹೊಳೆಯುತ್ತದೆ. ಹಾಲ್‌ನ ಉದ್ದಗಲ ನೋಡುವವರಿಗೆ ಹೊಳೆಯುವುದಿಲ್ಲ.

ವಾಸ್ತುವಿನ ಮಾತು ಬರದೆ ಇರುವುದಿಲ್ಲ. ಮನೆಯ ಹಿರಿಯರಿಗೆ ಅಗ್ನಿಮೂಲೆಯ ಅಡುಗೆಮನೆ ಮುಖ್ಯವಾಗಿದ್ದರೆ ಅದನ್ನು ಪಟ್ಟಿಯಲ್ಲಿ ಮೊದಲೇ ಬರೆದು ಹುಡುಕಿ. ಒಪ್ಪದ ಮನೆಗೆ ಅವರನ್ನು ಕರೆದೊಯ್ದರೆ ಅಲ್ಲಿ ಬರುವ ಪ್ರತಿ ಜ್ವರಕ್ಕೂ ಬಾಗಿಲ ದಿಕ್ಕೇ ಕಾರಣವಾಗಿ ಕಾಣುತ್ತದೆ. ಆ ಅಳುಕು ವರ್ಷಗಟ್ಟಲೆ ಇರುತ್ತದೆ. ಆದರೆ ಟೋಕನ್ ಕೊಟ್ಟ ಮೇಲೆ ವಾಸ್ತು ತಜ್ಞರನ್ನು ಕರೆಸಿ ಗೋಡೆ ಒಡೆಸುವುದು ದುಡ್ಡಿಗೂ ಕೇಡು, ಕಟ್ಟಡಕ್ಕೂ ಕೇಡು.

ಪಟ್ಟಿಯ ಎಲ್ಲವೂ ಇರುವ ಮನೆ ಸಿಗುವುದಿಲ್ಲ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ ಹೇಳಿದ ದಾರಿ ಇಲ್ಲಿ ನೆಮ್ಮದಿಯದು: ಬೇಕಾದ ಮಟ್ಟವನ್ನು ಮೊದಲೇ ಗೊತ್ತು ಮಾಡಿಕೊಂಡು, ಅದನ್ನು ಮುಟ್ಟಿದ ಮೊದಲ ಒಳ್ಳೆಯದನ್ನು ಹಿಡಿಯುವುದು. ಶೀನಾ ಅಯ್ಯಂಗಾರ್, ರೇಚಲ್ ವೆಲ್ಸ್, ಬ್ಯಾರಿ ಶ್ವಾರ್ಟ್ಸ್ 2006ರಲ್ಲಿ ಕೆಲಸ ಹುಡುಕುವ ಪದವೀಧರರ ಬಗ್ಗೆ ಬರೆದದ್ದು ನೋಡಿ. ಅತ್ಯುತ್ತಮವೇ ಬೇಕೆಂದು ಹಟ ಹಿಡಿದು ಹುಡುಕಿದವರಿಗೆ ಸಂಬಳ ಶೇ 20ರಷ್ಟು ಹೆಚ್ಚು ಸಿಕ್ಕಿತ್ತು, ತೃಪ್ತಿ ಕಡಿಮೆಯಿತ್ತು. ಮನೆ ಕೊಂಡ ಮೇಲೂ ರಾತ್ರಿ ಕೂತು ಬೇರೆ ಪ್ರಾಜೆಕ್ಟುಗಳ ಬೆಲೆ ನೋಡುವವರಿಗೆ ಇದು ಅರ್ಥವಾದೀತು. ರಿಜಿಸ್ಟ್ರೇಷನ್ ಆದ ದಿನ ಮನೆ ತೋರಿಸುವ ಆ್ಯಪ್‌ಗಳನ್ನೆಲ್ಲ ಫೋನಿನಿಂದ ತೆಗೆದುಬಿಡಿ.

ಅಲ್ಲಿ ಇರುವವರನ್ನು ಕೇಳುವ ಬಗೆ

ಎಷ್ಟೇ ಎಚ್ಚರ ವಹಿಸಿದರೂ ಇದೆಲ್ಲ ನಮ್ಮ ಊಹೆಯೇ. ಊಹೆಗಿಂತ ನಂಬಬಹುದಾದದ್ದು, ಈಗಾಗಲೇ ಅಲ್ಲಿ ಬಾಳುತ್ತಿರುವವರ ಅನುಭವ. ಗಿಲ್ಬರ್ಟ್ ಮತ್ತು ಸಂಗಡಿಗರು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಒಬ್ಬ ಯುವಕನೊಡನೆ ಐದು ನಿಮಿಷದ ಭೇಟಿ ಎಷ್ಟು ಹಿತವಾದೀತೆಂದು ಯುವತಿಯರು ಅಂದಾಜಿಸಬೇಕಿತ್ತು. ಆತನ ಚಿತ್ರ, ವಿವರ ನೋಡಿ ಅಂದಾಜಿಸಿದವರಿಗಿಂತ, ಆತನನ್ನು ಆಗಲೇ ಭೇಟಿಯಾದ ಅಪರಿಚಿತ ಯುವತಿಯ ಅಭಿಪ್ರಾಯ ಒಂದನ್ನೇ ಕಂಡವರ ಅಂದಾಜು ಹೆಚ್ಚು ಸರಿಹೊಂದಿತು. ಹಾಗಿದ್ದೂ ಚಿತ್ರ ಮತ್ತು ವಿವರವೇ ಹೆಚ್ಚು ಸಹಾಯಕ ಎಂದು ಬಹುಪಾಲು ಯುವತಿಯರು ನಂಬಿದ್ದರು. ಬ್ರೋಷರ್ ನಂಬಿ ನೆರೆಯವರನ್ನು ಕೇಳದೆ ಬರುವವರೆಲ್ಲ ಇದನ್ನೇ ಮಾಡುತ್ತಾರೆ.

ಯಾರನ್ನು ಕೇಳುವುದು ಎಂಬುದರಲ್ಲಿ ವಿವೇಕ ಬೇಕು. ಕೊಂಡವರು ತಮ್ಮ ಮನೆಯನ್ನು ಹೊಗಳುವುದು ಸಹಜ. ಜ್ಯಾಕ್ ಬ್ರೆಮ್ 1956ರಲ್ಲೇ ತೋರಿಸಿದಂತೆ, ಎರಡು ಗೃಹೋಪಯೋಗಿ ವಸ್ತುಗಳಲ್ಲಿ ಒಂದನ್ನು ಆರಿಸಿಕೊಂಡ ಮೇಲೆ ಆರಿಸಿದ್ದು ಮೊದಲಿಗಿಂತ ಚೆಂದವಾಗಿ ಕಾಣತೊಡಗುತ್ತದೆ. ಜೊತೆಗೆ ತಮ್ಮ ಮನೆಯ ಬೆಲೆ ಇಳಿಯುವ ಮಾತನ್ನು ಮಾಲೀಕರು ಅಪರಿಚಿತರ ಮುಂದೆ ಆಡುವುದೂ ಇಲ್ಲ. ಬಾಡಿಗೆದಾರರಿಗೆ ಈ ಹಂಗಿಲ್ಲ. ಕೆಲಸದವರು, ಇಸ್ತ್ರಿ ಅಂಗಡಿಯವರು, ವಾಚ್‌ಮನ್, ಎದುರಿನ ಕಿರಾಣಿ ಅಂಗಡಿಯವರು ಇನ್ನೂ ನೇರ. "ಇಲ್ಲಿ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ ಸಾರ್" ಎಂಬ ಉತ್ತರ ಬರುತ್ತದೆ. ನಿನ್ನೆಯದನ್ನು ಕೇಳಿ, ಕಳೆದ ತಿಂಗಳದನ್ನು ಕೇಳಿ. "ನಿನ್ನೆ ಎಷ್ಟು ಟ್ಯಾಂಕರ್ ಬಂತಣ್ಣ?" "ಹೋದ ವಾರ ಕರೆಂಟ್ ಹೋದಾಗ ಲಿಫ್ಟ್ ನಡೀತಾ?" "ಕಳೆದ ತಿಂಗಳು ಮೇಂಟೆನೆನ್ಸ್ ಎಷ್ಟು ಕಟ್ಟಿದ್ರಿ?" "ಈ ಮನೇಲಿ ಮುಂಚೆ ಇದ್ದವರು ಯಾಕಮ್ಮ ಬಿಟ್ಟರು?" ನೆನಪಿನಿಂದ ಹೆಕ್ಕಿ ಹೇಳಬೇಕಾದ ಇಂಥ ಉತ್ತರಗಳಲ್ಲಿ ಸೌಜನ್ಯದ ಹೊಗಳಿಕೆಗೆ ಎಡೆಯಿರುವುದಿಲ್ಲ.

ಅವಕಾಶವಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೊಳ್ಳಬೇಕೆಂದಿರುವ ಅಪಾರ್ಟ್‌ಮೆಂಟಿನಲ್ಲೇ, ಆಗದಿದ್ದರೆ ಅದೇ ಬಡಾವಣೆಯಲ್ಲಿ, ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆಗೆ ಹೋಗಿ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಗಣೇಶ ಚೌತಿ, ಮಕ್ಕಳ ಒಂದು ಪರೀಕ್ಷಾ ಕಾಲ ಅಲ್ಲಿ ಕಳೆಯುತ್ತದೆ. "ಬಾಡಿಗೆ ಕೊಟ್ಟದ್ದು ದಂಡ" ಎನ್ನುವ ನೆಂಟರಿಗೆ, ಕೋಟಿ ಹಾಕುವ ಮೊದಲು ಪರೀಕ್ಷೆಗೆ ಕೊಟ್ಟ ಶುಲ್ಕ ಎಂದು ಹೇಳಿ. ಇದ್ದು ನೋಡಿದವರಿಗೆ ಚೌಕಾಸಿಯಲ್ಲೂ ಒಂದು ಬಲ ಬರುತ್ತದೆ. ಯಾವ ಬ್ಲಾಕಿಗೆ ನೀರಿನ ಒತ್ತಡ ಕಡಿಮೆ, ಯಾವ ಮೂಲೆಯ ಮನೆಯಲ್ಲಿ ಗೋಡೆ ತೇವ ಹಿಡಿಯುತ್ತದೆ, ಯಾವ ಮಾಲೀಕರು ವಿದೇಶಕ್ಕೆ ಹೊರಟಿದ್ದಾರೆ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ಆ ಮನೆ ಪೇಪರಿನ ಜಾಹೀರಾತಿಗೆ ಬರುವ ಮೊದಲೇ ನೀವು ಹೋಗಿ ಮಾತಾಡಬಹುದು.